ಜೀಪು ನಿಮ್ಮದು, ನೆಲ ಯಾರದು?

ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿಯನ್ನು ಎರಡು ಪಾಲು ಮಾಡಿ ಕೊಟ್ಟಿದ್ದರು. ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿ.ಮೀ. ಒಂದು ಪಾಲು, ನಿಡಘಟ್ಟದಿಂದ ಮೈಸೂರಿನವರೆಗಿನ 61 ಕಿ.ಮೀ. ಇನ್ನೊಂದು. ಮದ್ದೂರು ತಾಲ್ಲೂಕಿನ ಅಂಚಿನ ನಿಡಘಟ್ಟದ ಹೆಸರು ಹೀಗೆ ಟೆಂಡರ್ ಕಾಗದಗಳಲ್ಲಿ ದಿಲ್ಲಿಯವರೆಗೂ ಓಡಾಡಿತು. 2023ರ ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಕೆಳಗಿಳಿಸಿದರು.

ಈಗ ಶನಿವಾರ ಬೆಳಿಗ್ಗೆ ಅಲ್ಲಿ ನಿಂತು ನೋಡಬೇಕು. ಮೇಲಿನ ನುಣುಪು ರಸ್ತೆಯಲ್ಲಿ ದಪ್ಪ ಟಯರಿನ ಥಾರ್‌ಗಳು, ಜಿಮ್ನಿಗಳು, ತಲೆಯ ಮೇಲೆ ಲೈಟಿನ ಸಾಲು ಹೊತ್ತ ಗೂರ್ಖಾಗಳು ಸಾಲಾಗಿ ಹೋಗುತ್ತವೆ. ಕೆಲವು ಕೊಡಗಿಗೆ, ಕೆಲವು ಮಳವಳ್ಳಿ ದಾಟಿ ಮುತ್ತತ್ತಿಯ ಕಡೆಗೆ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮದ್ದೂರು ಮಾರುಕಟ್ಟೆಗೆ ಎಳನೀರು ಹೇರಿಕೊಂಡ ಟ್ರ್ಯಾಕ್ಟರು ಕುಲುಕುತ್ತಾ ಸಾಗುತ್ತದೆ. ಕೆಸರಿಗೆಂದೇ ಹುಟ್ಟಿದ ಗಾಡಿ ಡಾಂಬರಿನ ಮೇಲೆ, ದಿನವೂ ಕೆಸರು ತುಳಿಯುವ ಗಾಡಿ ಪಕ್ಕದ ಗುಂಡಿಯಲ್ಲಿ.

ಫೋರ್ ವೀಲ್ ಡ್ರೈವ್ ಗಾಡಿ ನಮಗೆ ಬೇಕೇ, ಅದನ್ನು ಮನಸ್ಸಿಗೆ ಬಂದಂತೆ ಬದಲಿಸಿಕೊಳ್ಳಬಹುದೇ, ಎಲ್ಲಿ ಓಡಿಸಬಹುದು? ಮೂರೂ ಪ್ರಶ್ನೆಗಳ ಮೇಲೆ ಕರ್ನಾಟಕದಲ್ಲಿ ಜಗಳವಿದೆ. ಮೊದಲೆರಡರ ಬಗ್ಗೆ ಗ್ಯಾರೇಜುಗಳಲ್ಲಿ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಮೂರನೆಯದು ಬಂದಾಗ ಮಾತು ತೇಲಿಹೋಗುತ್ತದೆ. ನನ್ನ ಲೆಕ್ಕದಲ್ಲಿ ನಿಜವಾದ ಪ್ರಶ್ನೆ ಆ ಮೂರನೆಯದೇ.

ಯುದ್ಧದಿಂದ ತೋಟಕ್ಕೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದ ಅವಸರದಲ್ಲಿ. ಅಮೆರಿಕದ ಸೇನೆ 1940ರಲ್ಲಿ ಕೇಳಿದ ಹಗುರ ಗಾಡಿಗೆ ಬ್ಯಾಂಟಮ್, ವಿಲ್ಲಿಸ್, ಫೋರ್ಡ್ ಕಂಪನಿಗಳು ಪೈಪೋಟಿಗೆ ಬಿದ್ದವು. 1941ರಿಂದ ವಿಲ್ಲಿಸ್ ಎಂಬಿ ರಣರಂಗಕ್ಕೆ ಹೋಯಿತು. ಯುದ್ಧ ಮುಗಿದ ಮೇಲೆ ದೇಶದ ಉದ್ದಗಲಕ್ಕೂ ಮಿಲಿಟರಿ ಹರಾಜಿನ ಜೀಪುಗಳು ಜನರ ಕೈಗೆ ಬಂದವು. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ 1947ರ ಹೊತ್ತಿಗೆ ವಿಲ್ಲಿಸ್ ಜೀಪುಗಳನ್ನು ಇಲ್ಲೇ ಜೋಡಿಸಲು ಕೈಹಾಕಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಜೀಪಿನದೇ: 1948ರಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ಕೃಷ್ಣ ಮೆನನ್ ಸೇನೆಗೆಂದು ಕುದುರಿಸಿದ ಜೀಪುಗಳ ವ್ಯವಹಾರ.

ನಮ್ಮ ಹಳ್ಳಿಗಳಿಗೆ ಜೀಪು ಎಂದರೆ ಬಹುಕಾಲ ಸರ್ಕಾರ ಎಂದೇ ಅರ್ಥ. ಬಿಡಿಓ ಜೀಪು, ಪೊಲೀಸ್ ಜೀಪು, ಫಾರೆಸ್ಟ್ ಜೀಪು, ಎಲೆಕ್ಷನ್ ಬಂದರೆ ಮೈಕು ಕಟ್ಟಿದ ಜೀಪು. ಮಂಡ್ಯದ ಬಯಲಿನಲ್ಲಿ ಅದರ ಪಾತ್ರ ಅಷ್ಟಕ್ಕೇ ನಿಂತಿತು. ಗದ್ದೆಗೆ ಎತ್ತು, ಆಮೇಲೆ ಟಿಲ್ಲರು, ಟ್ರ್ಯಾಕ್ಟರು ಇದ್ದವು. ಘಟ್ಟದ ಮೇಲೆ ಕತೆ ಬೇರೆ. ಮಡಿಕೇರಿ, ಮೂಡಿಗೆರೆ, ಕಳಸ, ಕೊಪ್ಪದ ಕಡೆ ಕಾಫಿ ತೋಟದ ದಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯಾಗಿ ಉಳಿಯುವುದಿಲ್ಲ. ಅಲ್ಲಿ ವಿಲ್ಲಿಸ್, ಆಮೇಲೆ ಎಂಎಂ 540, ಎಂಎಂ 550 ಮನೆಯ ಆಳಿನಷ್ಟೇ ಅಗತ್ಯವಾದವು. ಪೆಟ್ರೋಲ್ ಕುಡಿಯುವ ಹಳೆಯ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವ ಕಲೆ ಮಲೆನಾಡಿನ ಗ್ಯಾರೇಜುಗಳಲ್ಲಿ ಬೆಳೆದದ್ದು ಷೋಕಿಗಲ್ಲ, ಖರ್ಚಿಗೆ ಹೆದರಿ.

1985ರ ಡಿಸೆಂಬರ್‌ನಲ್ಲಿ ಮಾರುತಿ ಜಿಪ್ಸಿ ಬಂತು. 970 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್, ಹಗುರ ಮೈ. ಸೇನೆ, ಪೊಲೀಸು, ಅರಣ್ಯ ಇಲಾಖೆ ಅದನ್ನು ಅಪ್ಪಿಕೊಂಡವು. ಬಂಡೀಪುರ, ಕಬಿನಿಯ ಸಫಾರಿಗೂ ಅದೇ ಗಾಡಿ. ಆದರೆ ಫೋರ್ ವೀಲ್ ಜೀಪನ್ನು ಪೇಟೆಯ ಆಸೆಯಾಗಿ ಮಾಡಿದ್ದು 2010ರ ಥಾರ್. 2020ರ ಅಕ್ಟೋಬರ್ 2ರಂದು ಬಂದ ಹೊಸ ಥಾರ್ ಆ ಆಸೆಗೆ ಆಟೊಮ್ಯಾಟಿಕ್ ಗೇರು, ಏರ್‌ಬ್ಯಾಗು ಸೇರಿಸಿತು. 2023ರ ಜೂನ್‌ನಲ್ಲಿ ಜಿಮ್ನಿ, 2024ರ ಆಗಸ್ಟ್ 15ರಂದು ಐದು ಬಾಗಿಲಿನ ಥಾರ್ ರಾಕ್ಸ್. ಹದಿನೈದು ವರ್ಷಗಳೊಳಗೆ ತೋಟದ ಗಾಡಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯಿತು.

ಆ ಎರಡನೇ ಲಿವರ್

ಚರ್ಚೆ ಅರ್ಥವಾಗಬೇಕಾದರೆ ಗೇರಿನ ಪಕ್ಕದ ಎರಡನೇ ಲಿವರ್ ಏನು ಮಾಡುತ್ತದೆಂದು ತಿಳಿದಿರಬೇಕು. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಲಿವರನ್ನು ಫೋರ್ ಹೈಗೆ ಹಾಕಿದರೆ ಎಂಜಿನ್ನಿನ ಬಲ ಮುಂದಿನ ಆಕ್ಸಲಿಗೂ ಹೋಗುತ್ತದೆ. ಫೋರ್ ಲೋಗೆ ಹಾಕಿದರೆ ಬಲ ಎರಡು-ಎರಡೂವರೆ ಪಟ್ಟು ಹಿಗ್ಗುತ್ತದೆ, ವೇಗ ಅಷ್ಟೇ ಪಟ್ಟು ಕುಗ್ಗುತ್ತದೆ. ಯುದ್ಧಾನಂತರದ ವಿಲ್ಲಿಸ್ ಜೀಪುಗಳ ಸ್ಪೈಸರ್ 18 ಪೆಟ್ಟಿಗೆಯಲ್ಲಿ ಈ ಅನುಪಾತ ಸುಮಾರು 2.46. ಅಂದರೆ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ, ಮೊದಲ ಗೇರಿನಲ್ಲೇ ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ ಇಳಿಯುತ್ತದೆ. ಘಟ್ಟದ ಚಾಲಕರು ಈ ಲಿವರಿಗೆ ಬೆಲೆ ಕಟ್ಟುವುದು ಇಳಿಯುವಾಗ, ಪೇಟೆಯವರು ಹತ್ತುವಾಗ.

ಇಷ್ಟಿದ್ದೂ ಜೀಪು ಹೂತುಕೊಳ್ಳುತ್ತದೆ. ಡಿಫರೆನ್ಷಿಯಲ್ ಇರುವುದು ತಿರುವಿನಲ್ಲಿ ಎಡ ಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲೆಂದು. ಅದಕ್ಕೊಂದು ದೌರ್ಬಲ್ಯವಿದೆ: ಹಿಡಿತವಿಲ್ಲದ ಚಕ್ರಕ್ಕೇ ಓಟವನ್ನೆಲ್ಲ ಬಿಟ್ಟುಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದು ಗಿರ್ರನೆ ತಿರುಗುತ್ತದೆ, ನೆಲದಲ್ಲಿರುವುದು ಸುಮ್ಮನೆ ನಿಲ್ಲುತ್ತದೆ. ಅದಕ್ಕೇ ಎರಡೂ ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಲಾಕರ್‌ಗಳು ಬಂದವು. ಗೂರ್ಖಾಕ್ಕೆ ಕಂಪನಿಯೇ ಮುಂದೆ ಹಿಂದೆ ಎರಡೂ ಕಡೆ ಕೊಟ್ಟಿತು. ಥಾರ್, ಜಿಮ್ನಿಗಳಲ್ಲಿ ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು ಬಲವನ್ನು ಇನ್ನೊಂದಕ್ಕೆ ತಳ್ಳುವ ಎಲೆಕ್ಟ್ರಾನಿಕ್ ಉಪಾಯವೂ ಇದೆ.

ಬೇಕು ಎನ್ನುವವರು, ಬೇಡ ಎನ್ನುವವರು

ಬೇಕು ಎನ್ನುವ ವಾದದ ಗಟ್ಟಿ ನೆಲೆ ಕೆಲಸ. ಗೊಬ್ಬರದ ಮೂಟೆ, ಕಾಫಿ ಹಣ್ಣು, ಲೈನ್ ಮನೆಯಿಂದ ಆಸ್ಪತ್ರೆಗೆ ಹೋಗಬೇಕಾದ ಬಸುರಿ ಹೆಂಗಸು, ಇವರಿಗೆ ಬದಲಿ ದಾರಿಯಿಲ್ಲ. ಮಲೆನಾಡಿನ ಬಾಡಿಗೆ ಜೀಪುಗಳು ಬಸ್ಸು ಹೋಗದ ಕಡೆ ಬಸ್ಸಿನ ಕೆಲಸ ಮಾಡಿವೆ. ಕೊಡಚಾದ್ರಿಯ 1,343 ಮೀಟರ್ ಎತ್ತರಕ್ಕೆ, ಮಾಂದಲಪಟ್ಟಿಯ ಗುಡ್ಡಕ್ಕೆ ಜನರನ್ನು ಹೊತ್ತು ಸಂಸಾರ ಸಾಗಿಸುವವರೂ ಇದೇ ಗುಂಪಿನವರು.

ಬೇಡ ಎನ್ನುವವರ ಕೈಯಲ್ಲಿರುವುದು ಮದ್ದೂರಿನಂಥ ಊರುಗಳ ಅನುಭವ. ಇಲ್ಲಿ ರೈತ ಕಬ್ಬಿನ ಗದ್ದೆಗೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಾನೆ, ತೆಂಗಿನ ತೋಟಕ್ಕೆ ಹಿಂಚಕ್ರದ ಬಲವಷ್ಟೇ ಇರುವ ಪಿಕಪ್ಪಿನಲ್ಲಿ. ಎಲ್ಲಿ ಹೂತುಕೊಳ್ಳುತ್ತದೆಂದು ಅವನಿಗೆ ಗೊತ್ತು, ಅಲ್ಲಿಗೆ ಹೋಗುವುದಿಲ್ಲ. ನಾಲೆ ನೀರು ಬಿಟ್ಟ ದಿನಗಳಲ್ಲಿ ಒಬ್ಬ ಪೇಟೆಯವನು ನೆಟ್ಟಿ ಮುಗಿದ ಗದ್ದೆಯ ಬದುವಿನ ಮೇಲೆ ಥಾರ್ ಹತ್ತಿಸಿದರೆ ಮುಂದೇನಾಗುತ್ತದೆಂದು ಆ ಕಡೆಯವರೆಲ್ಲ ಬಲ್ಲರು. ಮೇಲೆ ಒಣಗಿದಂತೆ ಕಾಣುವ ಬದು ಒಳಗೆ ನೆನೆದಿರುತ್ತದೆ. ಒಂದು ಪಕ್ಕದ ಎರಡು ಚಕ್ರ ಜಾರುತ್ತವೆ, ಚಾಸಿ ಬದುವಿನ ಮೇಲೆ ಕೂರುತ್ತದೆ, ನಾಲ್ಕೂ ಚಕ್ರ ತಿರುಗಿದರೂ ಗಾಡಿ ಅಲ್ಲಾಡುವುದಿಲ್ಲ. ಆಗ ದೂರದಿಂದ ಒಂದು ದನಿ: “ಸುಮ್ಕೆ ಆಕ್ಸ್‌ಲೇಟ್ರು ತುಳೀಬೇಡಿ ಸಾ, ಟ್ರ್ಯಾಕ್ಟ್ರು ತತ್ತೀವಿ ತಡೀರಿ.” ಗಾಡಿ ಮೇಲೆ ಬರುತ್ತದೆ. ಒಡೆದ ಬದುವಿನ ಕೂಲಿ ಯಾರ ತಲೆಗೆ ಎನ್ನುವುದು ಬೇರೆ ಮಾತು.

ಮಾರುಕಟ್ಟೆಯೂ ಒಂದು ತೀರ್ಪು ಕೊಟ್ಟಿದೆ. 2023ರ ಜನವರಿಯಲ್ಲಿ ಮಹೀಂದ್ರ ಹಿಂಚಕ್ರದ ಬಲವಷ್ಟೇ ಇರುವ ಥಾರನ್ನು 9.99 ಲಕ್ಷದ ಆರಂಭಿಕ ಬೆಲೆಗೆ ತಂದಿತು. ಅದರ ಡೀಸೆಲ್ ಎಂಜಿನ್ 1.5 ಲೀಟರಿಗೆ ಇಳಿದದ್ದು ಎಂಜಿನಿಯರನ ಆಸೆಯಿಂದಲ್ಲ, ತೆರಿಗೆಯ ಲೆಕ್ಕದಿಂದ. ನಾಲ್ಕು ಮೀಟರಿನೊಳಗಿನ ಉದ್ದ, 1,500 ಸಿಸಿಯೊಳಗಿನ ಡೀಸೆಲ್ ಇದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅಂಥದಕ್ಕೆ ಜಿಎಸ್‌ಟಿ ಶೇ 18, ದೊಡ್ಡ ಎಂಜಿನ್ನಿನ ಫೋರ್ ವೀಲ್ ಥಾರ್‌ಗೆ ಶೇ 40. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ: 10ರಿಂದ 20 ಲಕ್ಷದ ಗಾಡಿಗೆ ಶೇ 17, ಜೊತೆಗೆ ಸೆಸ್. ಹಾಗಾಗಿ ಬಹಳ ಮಂದಿ ಜೀಪಿನ ಮುಖ ಕೊಂಡು ಎರಡನೇ ಲಿವರ್ ಬಿಡುತ್ತಾರೆ. ಇದನ್ನು ಅಣಕಿಸುವವರಿದ್ದಾರೆ, ನನಗೆ ಇದು ಪ್ರಾಮಾಣಿಕ ಖರೀದಿಯಾಗಿಯೇ ಕಾಣುತ್ತದೆ.

ಬದಲಿಸುವವರ ಗಣಿತ

ಗಾಡಿ ಕೊಂಡ ಮರುವಾರವೇ ಶುರುವಾಗುವ ವಾದ ಇದು. ಒಂದು ಪಂಥ ಕಂಪನಿ ಕೊಟ್ಟದ್ದನ್ನು ಮುಟ್ಟಬೇಡಿ ಎನ್ನುತ್ತದೆ. ಇನ್ನೊಂದು, ಕಂಪನಿ ಎಲ್ಲರಿಗೂ ಹೊಂದುವ ಅಂಗಿ ಹೊಲಿದಿದೆ, ನಮ್ಮ ಅಳತೆಗೆ ನಾವು ಹೊಲಿದುಕೊಳ್ಳುತ್ತೇವೆ ಎನ್ನುತ್ತದೆ. ಹರಿಯಾಣದ ಮಂಡಿ ಡಬವಾಲಿ ಈ ಎರಡನೇ ಪಂಥದ ತವರು. ಹಳೆಯ ಜೀಪುಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವ ಗ್ಯಾರೇಜುಗಳಿಗೆ ಆ ಊರು ದೇಶಕ್ಕೇ ಹೆಸರು. ಬೆಂಗಳೂರಿನಲ್ಲಿ ಬಿಡಿಭಾಗಕ್ಕೆ ಜೆಸಿ ರಸ್ತೆ, ಹಳೆಯ ಸಾಮಾನಿಗೆ ಶಿವಾಜಿನಗರದ ಗುಜರಿ.

ಟಯರಿನಿಂದಲೇ ಹಿಡಿಯೋಣ. 245/75 ಆರ್16 ಎಂದು ಬರೆದ ಟಯರಿನ ಎತ್ತರ ಸುಮಾರು 774 ಮಿ.ಮೀ. ಅದನ್ನು ಕಳಚಿ 285/75 ಆರ್16 ಹಾಕಿದರೆ 834 ಮಿ.ಮೀ. ಅರವತ್ತು ಮಿ.ಮೀ. ಗೆದ್ದೆವೆಂದು ಮಾಲೀಕ ಹಿಗ್ಗುತ್ತಾನೆ. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ, ಹಾಗಾಗಿ ಕಲ್ಲಿಗೆ ತಾಗುವ ಡಿಫರೆನ್ಷಿಯಲ್ ಹೌಸಿಂಗ್ ಮೇಲೇರಿದ್ದು ಮೂವತ್ತೇ ಮಿ.ಮೀ. ಇತ್ತ ಮೀಟರು ಸುಳ್ಳು ಹೇಳತೊಡಗುತ್ತದೆ. ಮೊದಲು ಸರಿಯಾಗಿಯೇ ತೋರಿಸುತ್ತಿದ್ದರೆ ಈಗ 100 ತೋರಿಸುವಾಗ ಗಾಡಿ 107ರ ಮೇಲೆ ಓಡುತ್ತಿರುತ್ತದೆ. ನಿಡಘಟ್ಟದ ಹೆದ್ದಾರಿಯಲ್ಲಿ ಮಿತಿ 100, ಕಂಬದ ಮೇಲಿನ ಕ್ಯಾಮೆರಾಕ್ಕೆ ನಿಮ್ಮ ಟಯರಿನ ಕತೆ ಬೇಕಿಲ್ಲ. ಭಾರದ ಚಕ್ರ ತಿರುಗಿಸಲು ಎಂಜಿನ್ ಏದುತ್ತದೆ, ನಿಲ್ಲಿಸಲು ಬ್ರೇಕ್ ಏದುತ್ತದೆ.

ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತರಿಸುವ ಲಿಫ್ಟ್ ಕಿಟ್‌ನ ಬಗ್ಗೆ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಅದು ಎತ್ತುವುದು ಮೈಯನ್ನು, ಆಕ್ಸಲನ್ನಲ್ಲ. ಮುಂದಿನ ಬಂಪರ್ ದಿಣ್ಣೆಗೆ ಬಡಿಯುವುದು ತಪ್ಪುತ್ತದೆ, ನಿಜ. ಜೊತೆಗೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟುಗಳು ಬೇಗ ಸವೆಯುತ್ತವೆ, ಗುರುತ್ವ ಕೇಂದ್ರ ಮೇಲೇರಿ ಪಕ್ಕದ ಇಳಿಜಾರಿನಲ್ಲಿ ಗಾಡಿ ಮಗುಚುವ ಭಯ ಬೆಳೆಯುತ್ತದೆ. ಕಂಪನಿಯ ಥಾರ್‌ನಲ್ಲೇ ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ನೀರು ದಾಟುವ ತಾಕತ್ತು ಇದೆ. ಜಿಮ್ನಿಯ ಎತ್ತರ 210 ಮಿ.ಮೀ. ಅಷ್ಟು ಸಾಲದ ಜಾಗಕ್ಕೆ ಹೋಗಬೇಕಾದ ಅಗತ್ಯ ನಮ್ಮಲ್ಲಿ ಎಷ್ಟು ಜನರಿಗಿದೆ?

ಬದಲಿಸುವವರ ಪರವಾಗಿ ಒಂದು ಮಾತು ಹೇಳಲೇಬೇಕು. ಗಟ್ಟಿ ಎಳೆಕೊಂಡಿ, ತಳಕ್ಕೆ ಉಕ್ಕಿನ ತಗಡು, ಕೆಸರಿನ ಹಲ್ಲಿರುವ ಟಯರು, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್, ಇವು ನಿಜವಾಗಿಯೂ ಜೀವ ಉಳಿಸುತ್ತವೆ. ಘಟ್ಟದ ತೋಟದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನಿಗೆ ವಿಂಚ್ ಆಡಂಬರವಲ್ಲ. ಆದರೆ ಬಲ್ಲವರನ್ನು ಕೇಳಿದರೆ ಮೊದಲು ಹೇಳುವುದು ದುಡ್ಡಿಲ್ಲದ ಉಪಾಯ: ಕೆಸರಿಗೆ ಇಳಿಯುವ ಮುನ್ನ 32 ಪಿಎಸ್‌ಐ ಇರುವ ಗಾಳಿಯನ್ನು 18–20ಕ್ಕೆ ಇಳಿಸಿ, ವಾಪಸ್ ಡಾಂಬರಿಗೆ ಬಂದಾಗ ತುಂಬಿಸಿ. ಟಯರಿನ ಪಾದ ಅಗಲವಾಗುತ್ತದೆ, ಹಿಡಿತ ಬರುತ್ತದೆ.

ಒಪ್ಪಿಗೆಯಿಂದ ನಿಷೇಧಕ್ಕೆ

ಕಾನೂನಿನ ನಡೆ ಗಮನಿಸಬೇಕಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲ ರೂಪದಲ್ಲಿ ಬದಲಾವಣೆಗೆ ದಾರಿ ಬಿಟ್ಟಿತ್ತು. ಆರ್‌ಟಿಓಗೆ ತಿಳಿಸಿ ಒಪ್ಪಿಗೆ ಪಡೆದರೆ ಸಾಕಿತ್ತು. ಜೋಡಣೆಗಳಿಂದ ತೂಕದಲ್ಲಿ ಶೇ 2ರೊಳಗಿನ ವ್ಯತ್ಯಾಸವಾದರೆ ಒಪ್ಪಿಗೆಯೂ ಬೇಡ. ಮಲೆನಾಡಿನ ಎಷ್ಟೋ ಹಳೆಯ ಜೀಪುಗಳ ಆರ್‌ಸಿ ಪುಸ್ತಕದಲ್ಲಿ ಡೀಸೆಲ್ ಎಂದು ತಿದ್ದಿ ಮೊಹರು ಒತ್ತಿರುವುದು ಆ ಕಾಲದ್ದು. 2000ದ ತಿದ್ದುಪಡಿ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ಹೊಂದಿಕೆ ತಪ್ಪುವಂತೆ ಮಾಲೀಕ ಗಾಡಿಯನ್ನು ಬದಲಿಸಕೂಡದು. ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಹಾಕಿಸುವಂಥ ಕೆಲವೇ ವಿನಾಯಿತಿಗಳು ಉಳಿದವು.

ಕೇರಳದಿಂದ ಹೋದ ಪ್ರಕರಣವೊಂದರಲ್ಲಿ, ಆರ್‌ಟಿಓ ಮತ್ತು ಕೆ. ಜಯಚಂದ್ರ ನಡುವಿನ ವ್ಯಾಜ್ಯದಲ್ಲಿ, 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಮುಂದೆ ಕಟ್ಟುವ ಕಬ್ಬಿಣದ ಬುಲ್‌ಬಾರ್ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅದು ಪಾದಚಾರಿಯ ಎದೆಗೆ ಗುದ್ದುತ್ತದೆ, ಡಿಕ್ಕಿಯ ಬಲವನ್ನು ದಾರಿ ತಪ್ಪಿಸಿ ಏರ್‌ಬ್ಯಾಗನ್ನೂ ಗೊಂದಲಕ್ಕೆ ಕೆಡವುತ್ತದೆ. ಈ ಒಂದರಲ್ಲಿ ನಾನು ಪೂರ್ತಿ ಸಚಿವಾಲಯದ ಪರ.

ಉಳಿದದ್ದರಲ್ಲಿ ಅಷ್ಟು ಖಚಿತವಾಗಿಲ್ಲ. ಕೋರ್ಟಿನ ತರ್ಕ ಸರಳ: ಗಾಡಿ ಪರೀಕ್ಷೆ ಪಾಸಾದದ್ದು ಒಂದು ರೂಪದಲ್ಲಿ, ರಸ್ತೆಯಲ್ಲಿ ಓಡುವುದೂ ಅದೇ ರೂಪದಲ್ಲಿರಬೇಕು. ಆದರೆ ತೋಟದ ಮಾಲೀಕನ ತಳದ ತಗಡನ್ನೂ ಪೇಟೆಯ ಹುಡುಗನ ಕಿವಿಗಡಚಿಕ್ಕುವ ಸೈಲೆನ್ಸರನ್ನೂ ಒಂದೇ ಕಲಂನಡಿ ನೋಡುವಾಗ ಕಾನೂನು ಎರಡರಲ್ಲೂ ಸೋಲುತ್ತದೆ. ವಾಸ್ತವದಲ್ಲಿ ಎಲ್ಲವೂ ತಪಾಸಣೆಗೆ ನಿಂತ ಅಧಿಕಾರಿಯ ಕಣ್ಣಿಗೆ ಬಿಟ್ಟದ್ದಾಗಿದೆ. ವಿಮೆಯ ಪ್ರಶ್ನೆ ಇನ್ನೂ ಕಠಿಣ: ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ಕ್ಲೇಮಿಗೆ ಅಡ್ಡ ನಿಲ್ಲುತ್ತದೆ.

ಮಣ್ಣಿನ ವಾದ

ಇಲ್ಲಿಯವರೆಗಿನ ಜಗಳ ಗಾಡಿಯದು. ನೆಲದ ಕಡೆಯಿಂದ ಮಾತಾಡುವವರು ತಡವಾಗಿ ಬಂದರು, ಅವರ ಮಾತೇ ತೂಕದ್ದು.

ಶೋಲಾ ಹುಲ್ಲುಗಾವಲಿನ ಮೇಲೆ ಒಂದು ಜೀಪು ಹೋದರೆ ಹುಲ್ಲು ಮಲಗುತ್ತದೆ, ಮತ್ತೆ ಏಳುತ್ತದೆ. ಅದೇ ಸಾಲಿನಲ್ಲಿ ದಿನಕ್ಕೆ ನೂರು ಜೀಪು ಹೋದರೆ ಬೇರಿನ ಹೆಣಿಗೆ ಹರಿಯುತ್ತದೆ, ಚಕ್ರದ ಅಡಿಯ ಮಣ್ಣು ಬಿಗಿದುಕೊಂಡು ನೀರು ಹೀರುವುದನ್ನು ಬಿಡುತ್ತದೆ. ಮಳೆ ಬಂದಾಗ ಆ ಎರಡು ಗೆರೆಗಳೇ ಕಾಲುವೆ. ಕಾಲುವೆ ಆಳವಾದಂತೆ ಚಾಲಕರು ಅದನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಹೊಸ ಗೆರೆ ಹಾಕುತ್ತಾರೆ. ಒಂದು ಜಾಡು ನಾಲ್ಕಾಗುತ್ತದೆ, ಗುಡ್ಡದ ನೆತ್ತಿ ಬೋಳಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು ಕಂಡ ಕೊಡಗಿಗೆ ಆ ಮಣ್ಣು ಎಷ್ಟು ಸಡಿಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಜೀಪು ಕಾರಣ ಎನ್ನುತ್ತಿಲ್ಲ. ಅಂಥ ಮಣ್ಣಿನ ಮೇಲೆ ಆಟ ಬೇಡ ಎನ್ನುವುದು ವಾದ.

ಕಾನೂನು ಇಲ್ಲಿ ಸ್ಪಷ್ಟವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಅಭಯಾರಣ್ಯದೊಳಗಿನ ಪ್ರವೇಶವನ್ನೇ ಬಿಗಿಹಿಡಿದಿದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಮಳವಳ್ಳಿ ದಾಟಿ ಮುತ್ತತ್ತಿಗೆ ಹೋಗುವವರು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗೆ ಹೋಗುತ್ತಾರೆ. ಡಾಂಬರು ಬಿಟ್ಟು ಹೊಳೆಯ ಮರಳಿಗೆ ಚಕ್ರ ಇಳಿಸಿದ ಕ್ಷಣ ಅದು ಸಾಹಸವಲ್ಲ, ಅಪರಾಧ. ಕೊಡಚಾದ್ರಿ ಕೂಡ ಮೂಕಾಂಬಿಕಾ ವನ್ಯಜೀವಿಧಾಮದ ಭಾಗ.

ಮಣ್ಣಿನ ವಾದಕ್ಕೂ ಒಂದು ಮಿತಿ ಇದೆ. ಎಲ್ಲವನ್ನೂ ನಿಷೇಧಿಸಿದರೆ ಕದ್ದು ಓಡಿಸುವವರು ಉಳಿಯುತ್ತಾರೆ, ಗೌರವದಿಂದ ಕೇಳಿ ಹೋಗುವವರು ಮನೆಯಲ್ಲಿ ಕೂರುತ್ತಾರೆ. ಅಮೆರಿಕದಲ್ಲಿ 1972ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ ಸಂಯುಕ್ತ ಸರ್ಕಾರದ ಜಮೀನುಗಳಲ್ಲಿ ಇಂಥ ವಾಹನಗಳಿಗೆ ಎಲ್ಲಿ ಅವಕಾಶ, ಎಲ್ಲಿಲ್ಲ ಎಂದು ಗುರುತಿಸುವಂತೆ ಇಲಾಖೆಗಳಿಗೆ ಹೇಳಿತು. ಇಂಗ್ಲೆಂಡು 2006ರ ಕಾಯ್ದೆಯಿಂದ ಹಳ್ಳಿಗಾಡಿನ ಹಳೆಯ ದಾರಿಗಳಲ್ಲಿ ಮೋಟಾರಿನ ಹಕ್ಕನ್ನು ಬಹಳಷ್ಟು ಮೊಟಕು ಮಾಡಿತು. ನಮ್ಮಲ್ಲಿ ಬೆಳೆದಿರುವುದು ಖಾಸಗಿ ದಾರಿ: ಸಕಲೇಶಪುರ, ಕೊಡಗಿನ ಕೆಲ ತೋಟದವರು ಹಣ ಪಡೆದು ತಮ್ಮ ಜಾಗದಲ್ಲೇ ಓಡಿಸಲು ಬಿಡುತ್ತಾರೆ. ಮಹೀಂದ್ರ ಕಂಪನಿ ಮಹಾರಾಷ್ಟ್ರದ ಇಗತಪುರಿಯಲ್ಲಿ ಚಾಲನೆ ಕಲಿಸುವ ಅಕಾಡೆಮಿ ನಡೆಸಿದೆ. ಕೋಲಾರದ ಬಳಿ ಬೈಕಿನವರಿಗೆ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. 2014ರಿಂದ ಗೋವಾದ ಮಳೆಗಾಲದಲ್ಲಿ ನಡೆಯುತ್ತಾ ಬಂದ ರೇನ್‌ಫಾರೆಸ್ಟ್ ಚಾಲೆಂಜ್ ಸ್ಪರ್ಧೆಯವರಿಗೊಂದು ಬಯಲು ತೋರಿಸಿತು.

ಇನ್ನೂ ಬಗೆಹರಿಯದ್ದು

ಬಟ್ಟೆ ಹೊದಿಕೆಯ ಜೀಪಿಗೆ ಊರ ಗ್ಯಾರೇಜಿನಲ್ಲಿ ಕೂರಿಸಿದ ತಗಡಿನ ಮಾಡು 52ನೇ ಕಲಂನ ಬದಲಾವಣೆಯೋ, ಬರೀ ಜೋಡಣೆಯೋ? ಒಂದೊಂದು ಆರ್‌ಟಿಓ ಕಚೇರಿಯಲ್ಲಿ ಒಂದೊಂದು ಉತ್ತರ. ಗುಡ್ಡ ಹತ್ತಿಸುವ ಬಿಳಿ ಬೋರ್ಡ್ ಜೀಪುಗಳನ್ನು ಹಳದಿ ಬೋರ್ಡಿಗೆ ತರಬೇಕೆಂಬ ಒತ್ತಾಯಕ್ಕೂ ಹಳೆಯ ಗಾಡಿಯನ್ನೇ ನಂಬಿದವರ ಹೊಟ್ಟೆಪಾಡಿಗೂ ಹೊಂದಾಣಿಕೆ ಆಗಿಲ್ಲ. ಐವತ್ತು ವರ್ಷ ದಾಟಿದ ಜೀಪು, ಮೂಲರೂಪ ಕೆಡದಿದ್ದರೆ, 2021ರ ನಿಯಮದಂತೆ ವಿಂಟೇಜ್ ಆಗಬಹುದು. ಆದರೆ ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಮೂವತ್ತು ವರ್ಷದ ಎಂಎಂ 540 ಆ ಗೌರವಕ್ಕೂ ಸಲ್ಲದೆ, ಎಫ್‌ಸಿಯ ಏರಿದ ಶುಲ್ಕಕ್ಕೂ ಸಿಕ್ಕಿ, ನಡುವೆ ನಿಂತಿದೆ. ಸರ್ಕಾರ ಪಾಳುಬಿದ್ದ ಕಲ್ಲುಕ್ವಾರಿಗಳಲ್ಲಿ ಒಂದೆರಡನ್ನಾದರೂ ಗುರುತಿಸಿ ಬಿಟ್ಟುಕೊಡಬಹುದೇ ಎನ್ನುವುದನ್ನು ಯಾರೂ ಗಟ್ಟಿಯಾಗಿ ಕೇಳಿಲ್ಲ. ಕೇಳಬೇಕಾದವರು ಗಾಡಿಯ ಮಾಲೀಕರು. ಅವರು ಇನ್ನೂ ಟಯರಿನ ಅಳತೆಯ ಬಗ್ಗೆಯೇ ಮಾತಾಡುತ್ತಿದ್ದಾರೆ.

ಅಲ್ಲಿಯವರೆಗೆ ನಿಡಘಟ್ಟದಿಂದ ಮಳವಳ್ಳಿ ಕಡೆ ತಿರುಗುವವರಲ್ಲಿ ಒಂದು ಕೋರಿಕೆ. ಅರಣ್ಯದ ಗೇಟಿನಲ್ಲಿ ಹಾಕಿದ ಬೋರ್ಡು ಓದಿ, ಡಾಂಬರು ಬಿಡಬೇಡಿ. ಹೊಲ ಗದ್ದೆಗೆ ಚಕ್ರ ಇಳಿಸುವ ಮುನ್ನ ಒಡೆಯನನ್ನು ಕೇಳಿ. ಬದು ಒಡೆದರೆ, ಟ್ರ್ಯಾಕ್ಟರಿನ ಬಾಡಿಗೆಯ ಜೊತೆ ಬದು ಕಟ್ಟುವ ಕೂಲಿಯನ್ನೂ ಕೊಟ್ಟೇ ಹೊರಡಿ.